ಮೊದ್ಲು ನೀರು, ಆಮೇಲೆ ಮೀನು: ದಾವಣಗೆರೆಯ ನಮ್ಮನೇಲಿ ಒಂದು ಫೈಟರ್ ಹೊಂದ್ಕೊಂಡಿದ್ದು

ಫೈಟರ್ ಮೀನು ಸಾಕ್ಬೇಕು ಅನ್ನೋರಲ್ಲಿ ಹೆಚ್ಚಿನವ್ರು ಮೊದ್ಲು ಅಂಗಡಿಗೆ ಹೋಗಿ ಮೀನು ನೋಡ್ತಾರೆ, ಬಣ್ಣಕ್ಕೆ ಮನಸು ಸೋತು ಅವತ್ತೇ ಒಂದು ಬೌಲ್, ಒಂದಿಷ್ಟು ಬಣ್ಣದ ಕಲ್ಲು, ಒಂದು ಪ್ಲಾಸ್ಟಿಕ್ ಗಿಡ ಎಲ್ಲಾ ಸೇರಿಸಿ ಮನೆಗೆ ತಂದ್ಬಿಡ್ತಾರೆ. ಮಾರನೇ ದಿನ ಮೀನು ಮೂಲೇಲಿ ಕೂತ್ರೆ ನೀರೆಲ್ಲ ಚೆಲ್ಲಿ ಹೊಸ ನೀರು ಹಾಕ್ತಾರೆ, ಮತ್ತೆ ಕೂತ್ರೆ ಔಷಧಿ ಹಾಕ್ತಾರೆ. ಹೀಗೆ ಹೋಗಿರೋ ಮೀನುಗಳನ್ನ ನಮ್ಮ ನೆಂಟರ ಮನೆಗಳಲ್ಲೇ ಬೇಕಾದಷ್ಟು ನೋಡಿದ್ದೆ, ಅದಕ್ಕೇ ಮಗಳು ಫೈಟರ್ ಬೇಕು ಅಂತ ಹಿಂದೆ ಬಿದ್ದಾಗ ನಾನು ಹಾಕಿದ್ದು ಒಂದೇ ಷರತ್ತು, ನೀರು ರೆಡಿ ಆಗೋವರೆಗೂ ಮೀನು ಕೇಳೋಹಂಗಿಲ್ಲ. ಪಾಪ, ಖಾಲಿ ಟ್ಯಾಂಕ್ ಮುಂದೆ ಕೂತು ವಾರಗಟ್ಲೆ ಕಾದ್ಳು.

ಟ್ಯಾಂಕ್ ದೊಡ್ಡದೇನಲ್ಲ. 18 ಇಂಚು ಉದ್ದ, 9 ಇಂಚು ಅಗಲ, 12 ಇಂಚು ಎತ್ತರದ ಗಾಜಿಂದು. ಪೂರ್ತಿ ತುಂಬಿಸಿದ್ರೆ 32 ಲೀಟರ್ ಹತ್ರ ಹಿಡಿಯುತ್ತೆ, ತಳಕ್ಕೆ ಮರಳು ಹಾಕಿ ಮೇಲೆ ಒಂದಷ್ಟು ಜಾಗ ಬಿಟ್ರೆ ನೀರು ಸುಮಾರು 25 ಲೀಟರ್. "ಅಂಗಡೀಲಿ ಅವು ಲೋಟದಷ್ಟು ಡಬ್ಬೀಲೇ ಇರ್ತಾವಲ್ಲ, ಇಷ್ಟು ದೊಡ್ಡದು ಯಾಕೆ" ಅಂತ ನಮ್ಮನೆಯವ್ರು ಕೇಳಿದ್ರು. ಅಂಗಡೀಲಿ ಅವು ಮಾರಾಟ ಆಗೋವರೆಗೂ ಇರ್ತಾವೆ ರೀ, ಬದುಕಕ್ಕೆ ಅಲ್ಲ ಅಂದೆ. ನೀರು ಕಮ್ಮಿ ಇದ್ದಷ್ಟೂ ಕೊಳೆ ಬೇಗ ಏರುತ್ತೆ, ಬಿಸಿನೂ ಬೇಗ ಏರುತ್ತೆ, ಬೇಗ ಇಳಿಯುತ್ತೆ. ದೊಡ್ಡ ಟ್ಯಾಂಕ್ ನೋಡಿಕೊಳ್ಳೋದು ಕಷ್ಟ ಅಂತ ಅಂದ್ಕೊಳ್ತಾರೆ, ನಿಜವಾಗ್ಲೂ ಬೌಲೇ ಕಷ್ಟ.

ಈಗ ನೀರಿನ ವಿಷಯ. ನಮ್ಮೂರಲ್ಲಿ ಇದನ್ನ ಸ್ವಲ್ಪ ಯೋಚ್ನೆ ಮಾಡ್ಲೇಬೇಕು. ನಲ್ಲಿ ನೀರು ತುಂಗಭದ್ರೆದು, ರಾಜನಹಳ್ಳಿ ಕಡೆಯಿಂದ ಪಂಪ್ ಮಾಡಿ ತರೋದು, ಅದಲ್ದೆ ಭದ್ರಾ ಚಾನಲ್ ನೀರನ್ನ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗೆ ತುಂಬಿಸಿಟ್ಟು ಶುದ್ಧ ಮಾಡಿ ಬಿಡೋದೂ ಇದೆ. ಇದು ಒಂಥರಾ ನೀರು. ಬೋರ್ ನೀರು ಇನ್ನೊಂದು ಥರ, ಗಡಸು, ನಮ್ಮ ಬೀದಿ ಬೋರಿನ ನೀರು ಬಕೆಟ್ಟಲ್ಲಿ ನಾಲ್ಕು ದಿನ ನಿಂತ್ರೆ ಅಂಚಿಗೆ ಬಿಳಿ ಕರೆ ಕಟ್ಟುತ್ತೆ. ಮನೆ ಸಂಪಲ್ಲಿ ಎರಡೂ ಸೇರ್ತಾವೆ, ಇವತ್ತು ಎಷ್ಟು ಪಾಲು ಯಾವ್ದು ಅಂತ ಯಾರಿಗೂ ಗೊತ್ತಿರಲ್ಲ. ನಮಗೆ ಪಾತ್ರೆ ತೊಳೆಯೋಕೆ ಅದೆಲ್ಲ ಲೆಕ್ಕಕ್ಕೇ ಬರಲ್ಲ, ಆದ್ರೆ ಮೀನು ಆ ನೀರೊಳಗೇ ಇಪ್ಪತ್ನಾಲ್ಕು ಗಂಟೆ ಇರೋದು. ಫೈಟರ್‌ಗೆ ನೀರು ಸ್ವಲ್ಪ ಮೆದು ಇದ್ರೂ ನಡೆಯುತ್ತೆ, ಸ್ವಲ್ಪ ಗಡಸು ಇದ್ರೂ ನಡೆಯುತ್ತೆ, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ) 6.5 ರಿಂದ 7.5ರ ಒಳಗೆ ಇದ್ರೆ ಆರಾಮು, ಕೊಂಚ ಮೇಲಿದ್ರೂ ಹೊಂದ್ಕೊಳ್ಳುತ್ತೆ. ಅದಕ್ಕೆ ಆಗದೇ ಇರೋದು ಅಂದ್ರೆ ವಾರವಾರ ಬದಲಾಗೋದು. ಹಂಗಾಗಿ ನಾನು ನಲ್ಲಿ ಬಿಟ್ಟಾಗ ನೇರ ನಲ್ಲಿಯಿಂದ ಒಂದು ಡ್ರಮ್ಮಿಗೆ ಹಿಡಿದಿಟ್ಟು, ಮೀನಿಗೆ ಬರೀ ಅದನ್ನೇ ಬಳಸ್ತೀನಿ. ಸಂಪಿನ ನೀರು ಮುಟ್ಟಲ್ಲ. ಕೆಲವ್ರು ಫಿಲ್ಟರ್ ನೀರು ಶುದ್ಧ ಅಂತ ಆರ್‌ಒ ನೀರು ಹಾಕ್ತಾರೆ, ಅದ್ರಲ್ಲಿ ಖನಿಜ ಎಲ್ಲಾ ತೆಗೆದುಹಾಕಿರ್ತಾರೆ, ಬರೀ ಅದೊಂದನ್ನೇ ಹಾಕೋದು ಮೀನಿಗೂ ಒಳ್ಳೇದಲ್ಲ, ಪಿಎಚ್ಚೂ ಒಂದೇ ಕಡೆ ನಿಲ್ಲಲ್ಲ.

ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಬಂದಾಗ ವಾಸನೆ ಮೂಗಿಗೇ ಬಡಿಯುತ್ತೆ. ಬಾಯಿ ತೆರೆದ ಬಕೆಟ್ಟಲ್ಲಿ ಒಂದು ದಿನ ಇಟ್ರೆ ಕ್ಲೋರಿನ್ ಹೆಚ್ಚುಕಮ್ಮಿ ಹಾರಿಹೋಗುತ್ತೆ, ಆದ್ರೆ ಕ್ಲೋರಮಿನ್ ಅಂತ ಇನ್ನೊಂದಿದೆ, ಅದು ಹಾಗೆ ಇಟ್ರೆ ಹೋಗಲ್ಲ. ಅದಕ್ಕೆ ಆಂಟಿ ಕ್ಲೋರಿನ್ ಅಂತ ಅಂಗಡೀಲಿ ಚಿಕ್ಕ ಬಾಟ್ಲಿ ಸಿಗುತ್ತೆ, ನೀರು ಒಂದು ದಿನ ಇಟ್ಟಿದ್ರೂ ಕೂಡ ನಾನು ಲೇಬಲ್ ಮೇಲಿನ ಅಳತೆಗೆ ಹಾಕಿಯೇ ಬಳಸೋದು.

ಟ್ಯಾಂಕಿಗೆ ನೀರು ತುಂಬಿಸಿ, ಸ್ಪಂಜ್ ಫಿಲ್ಟರ್ ಹಾಕಿ ಏರ್ ಪಂಪ್ ಆನ್ ಮಾಡಿದ ಮೇಲೆ ಶುರುವಾಗೋದು ಕಾಯೋ ಕೆಲ್ಸ. ಮೀನಿನ ಕಕ್ಕ, ಉಳಿದ ಫುಡ್ಡು ಕೊಳೆತು ಅಮೋನಿಯ ಆಗುತ್ತೆ, ಅದು ಮೀನಿನ ಕಿವಿರು ಸುಟ್ಟಂಗೆ ಮಾಡುತ್ತೆ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಅದೂ ವಿಷವೇ. ಇನ್ನೊಂದು ಜಾತಿ ಬಂದು ಅದನ್ನ ನೈಟ್ರೇಟ್ ಮಾಡುತ್ತೆ, ಇದು ಸ್ವಲ್ಪ ಪ್ರಮಾಣದಲ್ಲಿದ್ರೆ ಮೀನಿಗೆ ತೊಂದ್ರೆ ಇಲ್ಲ, ನೀರು ಬದಲಿಸಿದಾಗ ಹೋಗುತ್ತೆ, ಗಿಡಾನೂ ಹೀರ್ಕೊಳ್ಳುತ್ತೆ. ಈ ಬ್ಯಾಕ್ಟೀರಿಯಾ ಸ್ಪಂಜಲ್ಲಿ, ಮರಳಲ್ಲಿ ಮನೆ ಮಾಡ್ಬೇಕು ಅಂದ್ರೆ ಸಾಮಾನ್ಯವಾಗಿ 4 ರಿಂದ 6 ವಾರ ಬೇಕು. ಮೀನಿಲ್ಲದ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಫುಡ್ ಹಾಕೋದು, ಅದು ಕೊಳೆಯೋದು, ಬ್ಯಾಕ್ಟೀರಿಯಾಕ್ಕೆ ಅದೇ ಊಟ. ನಮ್ಮ ಅತ್ತೆ ಇದನ್ನ ನೋಡಿ "ಮೀನಿಲ್ದ ನೀರಿಗೆ ಊಟ ಹಾಕ್ತಾ ಇದ್ದೀಯಲ್ಲವ್ವ" ಅಂದ್ರು, ಅವರಿಗೆ ಮೊಸರು ಹೆಪ್ಪಾಕೋ ಲೆಕ್ಕದಲ್ಲಿ ಹೇಳ್ದೆ, ಹಾಲು ಕಾಯಿಸಿಟ್ಟ ತಕ್ಷಣ ಮೊಸರಾಗಲ್ಲ ಅತ್ತೆ, ಹೆಪ್ಪು ಬೀಳ್ಬೇಕು, ಹೊತ್ತು ಹಿಡಿಯುತ್ತೆ ಅಂತ. ತಕ್ಷಣ ಅರ್ಥ ಆಯ್ತು ಅವರಿಗೆ, "ಹಂಗಾರೆ ಹೆಪ್ಪು ಎಲ್ಲೈತೆ" ಅಂತಾನೂ ಕೇಳಿದ್ರು! ಅದೂ ಇತ್ತು. ವಿದ್ಯಾನಗರದಲ್ಲಿ ನನ್ನ ಗೆಳತಿ ಮನೇಲಿ ವರ್ಷಗಳಿಂದ ಗಪ್ಪಿ ಮೀನಿನ ಟ್ಯಾಂಕ್ ಇದೆ, ಅವಳ ಫಿಲ್ಟರಿನ ಹಳೇ ಸ್ಪಂಜಿನ ಒಂದು ತುಂಡನ್ನ ಅದೇ ಟ್ಯಾಂಕ್ ನೀರಲ್ಲಿ ಒದ್ದೆಯಾಗಿಟ್ಕೊಂಡು ತಂದು ನಮ್ಮ ಸ್ಪಂಜಿನ ಪಕ್ಕ ಸಿಕ್ಕಿಸಿದ್ದೆ. ಇದು ಸಿಗೋ ಹಾಗಿದ್ರೆ ಖಂಡಿತ ಮಾಡಿ, ಕಾಯೋದು ತುಂಬಾ ಕಮ್ಮಿ ಆಗುತ್ತೆ. ಗೆಳತಿ ಟ್ಯಾಂಕಲ್ಲಿ ರೋಗ ಇಲ್ಲ ಅನ್ನೋದೊಂದು ಖಾತ್ರಿ ಮಾಡ್ಕೊಳ್ಳಿ ಅಷ್ಟೇ. ಹನಿ ಹಾಕಿ ಬಣ್ಣ ನೋಡೋ ಟೆಸ್ಟ್ ಕಿಟ್ ತರಿಸಿದ್ದೆ, ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಸ್ವಲ್ಪ ಅಂತ ಬಂದು ಮಾರನೇ ದಿನಾನೂ ಹಾಗೇ ನಿಂತ ಮೇಲೇ ಮೀನು ತರಕ್ಕೆ ಹೋಗಿದ್ದು.

ಅದು ಸಂಕ್ರಾಂತಿ ಆಸುಪಾಸಿನ ದಿನ. ದಾವಣಗೆರೆ ಬಿಸಿಲೂರು ಅಂತ ಹೆಸ್ರಿದ್ರೂ ಜನವರಿ ರಾತ್ರಿ ಚೆನ್ನಾಗೇ ಥಂಡಿ ಇರುತ್ತೆ, ನೀರಿಗೆ ಹಾಕಿದ್ದ ಥರ್ಮಾಮೀಟರ್ ಬೆಳಿಗ್ಗೆ 20ಕ್ಕೆ ಇಳಿದಿರ್ತಿತ್ತು. ಫೈಟರ್ ಥಾಯ್ಲೆಂಡ್ ಕಡೆಯ ಮೀನು, ಅಲ್ಲಿ ಗದ್ದೆ, ಜೌಗು, ನಿಧಾನಕ್ಕೆ ಹರಿಯೋ ಕಾಲುವೆ ಇವೇ ಅದರ ಜಾಗ, ಬೆಚ್ಚಗಿನ ಆಳ ಇಲ್ಲದ ನೀರು. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಇದನ್ನ ತನ್ನ ರಾಷ್ಟ್ರೀಯ ಜಲಚರ ಅಂತಾನೇ ಘೋಷಿಸ್ತು. ಅದಕ್ಕೆ 24 ರಿಂದ 28 ಡಿಗ್ರಿ ಬೇಕು. ಥಂಡಿ ಆದ್ರೆ ಜಡ ಆಗುತ್ತೆ, ತಿನ್ನಲ್ಲ, ತಿಂದಿದ್ದು ಅರಗಲ್ಲ, ರೋಗ ಹತ್ತುತ್ತೆ. ಹಾಗಾಗಿ 50 ವ್ಯಾಟಿನ ಹೀಟರ್ ಹಾಕಿ 26ಕ್ಕೆ ಸೆಟ್ ಮಾಡಿಟ್ಟಿದ್ದೆ. ಹೀಟರ್ ಡಬ್ಬಿ ಮೇಲಿನ ನಂಬರ್ ನಂಬ್ಬೇಡಿ, ಬೇರೆ ಥರ್ಮಾಮೀಟರ್ ಇಟ್ಟು ನೋಡ್ಕೊಳ್ಳಿ. ನೀರು ಬದಲಿಸುವಾಗ ಹೀಟರ್ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆದು ಆಮೇಲೆ ಕೈ ಹಾಕ್ಬೇಕು, ಇದನ್ನ ಮಗಳಿಗೆ ಮೊದಲ ದಿನವೇ ಹೇಳಿಕೊಟ್ಟೆ.

ಅಂಗಡೀಲಿ ಸಾಲಾಗಿಟ್ಟ ಡಬ್ಬಿಗಳಲ್ಲಿ ಮಗಳು ಆರಿಸಿದ್ದು ನೀಲಿ ಮೈ, ಕೆಂಪು ರೆಕ್ಕೆದು. ನಾನು ನೋಡಿದ್ದು ಬೇರೆ, ಬೆರಳು ಹತ್ರ ತಗೊಂಡೋದ್ರೆ ತಿರುಗಿ ನೋಡುತ್ತಾ, ಮೈಮೇಲೆ ಬಿಳಿ ಚುಕ್ಕಿ ಇಲ್ವಾ, ಹುರುಪೆ ಎದ್ದಿಲ್ವಾ, ಹೊಟ್ಟೆ ಊದಿಲ್ವಾ, ರೆಕ್ಕೆ ಅಂಚು ಕೊಳೆತಂಗೆ ಇಲ್ವಾ. ಎಲ್ಲಾ ಸರಿ ಇತ್ತು. ಅಂಗಡಿಯವ್ರು ಜೊತೆಗೆ ನೀಲಿ ಔಷಧಿ ಬಾಟ್ಲಿನೂ ಕೊಡಕ್ಕೆ ಬಂದ್ರು, ಹೋದ ತಕ್ಷಣ ನಾಲ್ಕು ಹನಿ ಹಾಕ್ಬಿಡಿ ಮೇಡಂ ಅಂತ. ಬೇಡ ಅಂದೆ. ಅದು ಮಿಥಿಲೀನ್ ಬ್ಲೂ, ರೋಗ ಬಂದ ಮೀನನ್ನ ಬೇರೆ ಪಾತ್ರೇಲಿಟ್ಟು ಹಾಕೋಕೆ ಸರಿ, ಆದ್ರೆ ಟ್ಯಾಂಕಿಗೆ ಹಾಕಿದ್ರೆ ನಾವು ವಾರಗಟ್ಲೆ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಸಾಯುತ್ತೆ, ಗಿಡಾನೂ ಹಾಳು. ರೋಗ ಇಲ್ಲದ ಮೀನಿಗೆ ಮುಂಜಾಗ್ರತೆ ಅಂತ ಔಷಧಿ ಹಾಕೋದು ನನಗೆ ಸರಿ ಕಾಣಲ್ಲ.

ಮೀನು ಹಾಕಿಕೊಟ್ಟ ಪ್ಲಾಸ್ಟಿಕ್ ಕವರನ್ನ ಬಟ್ಟೆ ಚೀಲದಲ್ಲಿಟ್ಟು, ಮಗಳು ಅದನ್ನ ಎದೆಗೊತ್ಕೊಂಡು ಸ್ಕೂಟಿ ಹಿಂದೆ ಕೂತ್ಲು. ಕತ್ತಲಾಗಿದ್ರೆ ಮೀನು ಗಾಬರಿ ಕಮ್ಮಿ ಬೀಳುತ್ತೆ. ಮನೆಗೆ ಬಂದು ಟ್ಯಾಂಕ್ ಲೈಟ್ ಆರಿಸಿ, ಕವರ್ ಬಿಚ್ಚದೆ ಹಾಗೇ ನೀರಿನ ಮೇಲೆ ಇಪ್ಪತ್ತು ನಿಮಿಷ ತೇಲಿಬಿಟ್ವಿ, ಎರಡೂ ನೀರಿನ ಬಿಸಿ ಒಂದಾಗ್ಲಿ ಅಂತ. ಆಮೇಲೆ ಕವರ್ ಬಾಯಿ ಬಿಚ್ಚಿ ಅಂಚು ಮಡಚಿ ಟ್ಯಾಂಕಿನ ಗೋಡೆಗೆ ಕ್ಲಿಪ್ ಹಾಕಿ, ಐದೈದು ನಿಮಿಷಕ್ಕೆ ಒಂದು ಚಿಕ್ಕ ಕಪ್ ನಮ್ಮ ಟ್ಯಾಂಕ್ ನೀರು ಸೇರಿಸ್ತಾ ಹೋದ್ವಿ, ಕವರ್ ತುಂಬ್ತಾ ಬಂದ್ರೆ ಸ್ವಲ್ಪ ತೆಗೆದು ಬಕೆಟ್ಟಿಗೆ ಚೆಲ್ಲೋದು. ಮುಕ್ಕಾಲು ಗಂಟೆ ಹಿಡೀತು. ಕೊನೆಗೆ ಕಪ್ಪಲ್ಲೇ ಮೀನನ್ನ ಮೆಲ್ಲಗೆ ಎತ್ತಿ, ಮೇಲಿನ ನೀರನ್ನ ಆದಷ್ಟು ಬಸಿದು, ಟ್ಯಾಂಕಿಗೆ ಜಾರಿಸಿದ್ದು. ಬಲೆ ಬಳಸ್ಲಿಲ್ಲ, ಆ ಉದ್ದ ರೆಕ್ಕೆ ಬಲೆಗೆ ಸಿಕ್ಕಿ ಹರಿಯುತ್ತೆ. ಅಂಗಡಿ ನೀರನ್ನ ಟ್ಯಾಂಕಿಗೆ ಸುರೀಲಿಲ್ಲ, ಅದ್ರಲ್ಲಿ ಎಷ್ಟು ದಿನದ ಕೊಳೆ ಇತ್ತೋ.

ಅವತ್ತು ರಾತ್ರಿ ಲೈಟ್ ಹಾಕ್ಲಿಲ್ಲ, ಫುಡ್ ಹಾಕ್ಲಿಲ್ಲ, ಟ್ಯಾಂಕ್ ಹತ್ರ ಯಾರನ್ನೂ ಬಿಡ್ಲಿಲ್ಲ.

ಬೆಳಿಗ್ಗೆ ನೋಡಿದ್ರೆ ಮೀನು ಫಿಲ್ಟರ್ ಹಿಂದೆ. ಅಂಗಡೀಲಿ ಹೊಳೀತಿದ್ದ ನೀಲಿ ಬಣ್ಣ ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು, ಪಕ್ಕದಲ್ಲಿ ತಲೆಯಿಂದ ಬಾಲದವರೆಗೂ ಎರಡು ಅಡ್ಡ ಪಟ್ಟೆ ಎದ್ದಿದ್ವು, ರೆಕ್ಕೆ ಎಲ್ಲಾ ಮೈಗೆ ಅಂಟಿಸ್ಕೊಂಡಿತ್ತು. ಕೆನ್ನೆ ಪಕ್ಕದ ಎರಡು ಪುಟ್ಟ ರೆಕ್ಕೆ ಮಾತ್ರ ಬಿಡದೆ ಆಡ್ತಿದ್ವು, ಕಣ್ಣು ಮಾತ್ರ ನಾನು ಹೋದ ಕಡೆ ತಿರುಗ್ತಿತ್ತು. ಮಗಳು ಅಳೋಹಂಗಾದ್ಳು. ಈ ಪಟ್ಟೆ, ಈ ಬಣ್ಣ ಮಾಸೋದು, ರೆಕ್ಕೆ ಮುಚ್ಕೊಳ್ಳೋದು, ಇದೆಲ್ಲ ಹೆದ್ರಿಕೆ ಲಕ್ಷಣ, ಹೊಸ ಜಾಗದಲ್ಲಿ ಮೊದಲ ಕೆಲವು ದಿನ ಹೀಗಿದ್ರೆ ಅದು ರೋಗ ಅಲ್ಲ. ಆದ್ರೆ ಬರೀ ಹೆದ್ರಿಕೇನಾ, ನೀರೇ ಕೆಟ್ಟಿದ್ಯಾ ಅಂತ ಕಣ್ಣಲ್ಲಿ ನೋಡಿ ಹೇಳಕ್ಕಾಗಲ್ಲ, ಎರಡಕ್ಕೂ ಮೀನು ಇದೇ ಥರ ಕೂರುತ್ತೆ. ಟೆಸ್ಟ್ ಕಿಟ್ ಬೇಕಾಗೋದು ಇಲ್ಲೇ. ನೋಡ್ದೆ, ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ, ನೀರು 26 ಡಿಗ್ರಿ. ಅಂದ್ಮೇಲೆ ನಾವು ಮಾಡೋದೇನೂ ಇಲ್ಲ, ಬಿಟ್ಬಿಡೋದು ಅಷ್ಟೇ. ಅಮೋನಿಯ ತೋರಿಸಿದ್ರೆ ಆವಾಗ ನೀರು ಬದಲಿಸ್ಬೇಕಿತ್ತು. ಸುಮ್ನೆ ಗಾಬರಿಗೆ ನೀರು ಬದಲಿಸಿದ್ರೆ ಮೀನು ಮತ್ತೆ ಮೊದಲಿಂದ ಹೊಂದ್ಕೋಬೇಕು.

ಮಧ್ಯಾಹ್ನ ಅತ್ತೆ ಕೂಗಿದ್ರು. "ಏನವ್ವ, ಇದು ಮೇಲೆ ಬಂದು ಬಾಯಿ ಬಿಡ್ತೈತೆ, ಉಸಿರು ಕಟ್ತೈತೇನೋ ನೋಡು!" ಬೇರೆ ಹೆಚ್ಚಿನ ಮೀನಾಗಿದ್ರೆ ಅತ್ತೆ ಹೇಳಿದ್ದು ಸರಿ, ನೀರಲ್ಲಿ ಆಕ್ಸಿಜನ್ ಕಮ್ಮಿ ಅಂತ ಅರ್ಥ. ಆದ್ರೆ ಫೈಟರ್‌ಗೆ ಕಿವಿರಿನ ಜೊತೆ ತಲೇಲಿ ಲ್ಯಾಬಿರಿಂತ್ ಅಂತ ಇನ್ನೊಂದು ಅಂಗ ಇದೆ, ಅದು ಮೇಲೆ ಬಂದು ನಮ್ಮ ಥರ ಗಾಳೀನೇ ತಗೊಳ್ಳುತ್ತೆ. ತಗೊಳ್ಳೋಕೆ ಬಿಡದಿದ್ರೆ ಮುಳುಗಿ ಸಾಯ್ಬೋದು ಅಂದ್ರೆ ನಂಬ್ತೀರಾ, ಮೀನು ನೀರಲ್ಲಿ ಮುಳುಗಿ ಸಾಯೋದು! ಅತ್ತೆ ಚೇರ್ ಎಳ್ಕೊಂಡು ಟ್ಯಾಂಕ್ ಮುಂದೆ ಕೂತೇಬಿಟ್ರು. ಹಾಗಾಗಿ ಟ್ಯಾಂಕನ್ನ ಅಂಚಿನವರೆಗೂ ತುಂಬಿಸ್ಬಾರ್ದು, ಎರಡು ಮೂರು ಇಂಚು ಗಾಳಿಗೆ ಜಾಗ ಬೇಕು, ಮೇಲೆ ಮುಚ್ಚಳ ಬೇಕು. ಮುಚ್ಚಳ ಎರಡು ಕಾರಣಕ್ಕೆ, ಫೈಟರ್ ಚಂಗನೆ ನೆಗೆಯುತ್ತೆ, ಇನ್ನೊಂದು, ಮುಚ್ಚಳ ಇದ್ರೆ ಮೇಲಿನ ಗಾಳೀನೂ ಬೆಚ್ಚಗಿರುತ್ತೆ. ಕರೆಂಟ್ ಹೋಗಿ ಪಂಪ್ ನಿಂತ್ರೂ ಇದೇ ಅಂಗದಿಂದ ಮೀನಿಗೆ ಉಸಿರಾಟಕ್ಕೆ ತೊಂದ್ರೆ ಆಗಲ್ಲ.

ಗಾಳಿ ವಿಷಯಕ್ಕೇ ನಮ್ಮನೇಲಿ ಇನ್ನೊಂದು ಬದಲಾವಣೆ ಆಗಿದ್ದು. ಟ್ಯಾಂಕ್ ಇಟ್ಟಿದ್ದ ಹಾಲಲ್ಲೇ ಸಂಜೆಗೆ ಊದಿನಕಡ್ಡಿ, ಶುಕ್ರವಾರ ಲೋಬಾನ, ರಾತ್ರಿ ಸೊಳ್ಳೆಗೆ ಪ್ಲಗ್ಗಿಗೆ ಹಾಕೋ ಲಿಕ್ವಿಡ್. ಸೊಳ್ಳೆ ಔಷಧಿಯಲ್ಲಿರೋ ಪೈರೆಥ್ರಾಯ್ಡ್ ಅನ್ನೋ ಕೀಟನಾಶಕ ನಮಗಿಂತ ಮೀನಿಗೆ ಎಷ್ಟೋ ಪಟ್ಟು ಹೆಚ್ಚು ವಿಷ. ಅದರಲ್ಲೂ ಇದು ಮೇಲಿನ ಗಾಳಿ ನುಂಗೋ ಮೀನು, ಏರ್ ಪಂಪ್ ಬೇರೆ ರೂಮಿನ ಗಾಳೀನೇ ಎಳೆದು ನೀರಿಗೆ ಬಿಡುತ್ತೆ. ಸೊಳ್ಳೆ ಲಿಕ್ವಿಡ್ ಹಾಲಿಂದ ತೆಗೆದು ಕಿಟಕಿಗೆ ಮೆಶ್ ಹಾಕಿಸಿದ್ವಿ. ಲೋಬಾನದ ಬಗ್ಗೆ ಅತ್ತೆಗೆ ಹೇಗೆ ಹೇಳೋದು ಅಂತ ಯೋಚಿಸ್ತಿದ್ದೆ, ಅವರೇ "ದೇವ್ರ ಕೋಣೆ ಬಾಗ್ಲು ಹಾಕ್ಕೊಂಡು ಹಾಕ್ತೀನಿ ಬಿಡು, ಅದೂ ಜೀವ ಅಲ್ವಾ" ಅಂದ್ರು.

ಊಟದ್ದು ದೊಡ್ಡ ಕಥೆ. ಮೊದಲೆರಡು ದಿನ ಮುಟ್ಟಲೇ ಇಲ್ಲ. ಮೀನಿನ ಫುಡ್ಡಿನ ಒಂದೇ ಒಂದು ಕಾಳು ಹಾಕೋದು, ಹತ್ತು ನಿಮಿಷ ಕಾಯೋದು, ತಿನ್ಲಿಲ್ಲ ಅಂದ್ರೆ ಇಂಕ್ ಫಿಲ್ಲರಲ್ಲಿ ಎಳೆದು ತೆಗೆಯೋದು. ಬಿಟ್ರೆ ಅಲ್ಲೇ ಕೊಳೆಯುತ್ತೆ. ಆಮೇಲೆ ಒಂದಿನ ಬೆಳಿಗ್ಗೆ ಕಾಳು ಬಿದ್ದ ಜಾಗಕ್ಕೆ ಬಂತು. ಕೆಳಗಡೆ ನಿಂತು, ಎರಡು ಕಣ್ಣನ್ನೂ ಮೂತಿ ಕಡೆ ತಿರುಗಿಸಿ ಕಾಳನ್ನೇ ದಿಟ್ಟಿಸ್ತು, ಹಿಂದೆ ಸರೀತು, ಮತ್ತೆ ಬಂದು ಲಬಕ್ಕನೆ ಬಾಯಿಗೆ ಹಾಕ್ಕೊಂಡು ಉಗುಳಿತು, ಕಾಳು ಕೆಳಗೆ ಇಳೀತಿದ್ದಂಗೆ ಹಿಂದೆನೇ ಹೋಗಿ ಮತ್ತೆ ಹಿಡೀತು. ಈ ಸಲ ಕೆನ್ನೆ ಆಡಿಸಿ ನುಂಗ್ತು. ಮಗಳು ಕಿರುಚೋದನ್ನ ಎರಡೂ ಕೈಯಲ್ಲಿ ಬಾಯಿ ಮುಚ್ಕೊಂಡು ತಡ್ಕೊಂಡ್ಲು.

ಈಗ ಬೆಳಿಗ್ಗೆ ಎರಡು ಮೂರು ಕಾಳು, ಸಂಜೆ ಎರಡು ಮೂರು ಕಾಳು, ವಾರಕ್ಕೊಂದು ದಿನ ಉಪವಾಸ. ಅತ್ತೆಗೆ ಇದು ಸಾಲದು ಅನ್ಸುತ್ತೆ, ಮಂಡಕ್ಕಿ ಹಾಕ್ಲಾ, ಅನ್ನದ ಅಗುಳು ಹಾಕ್ಲಾ ಅಂತಿದ್ರು. ಫೈಟರ್ ಹುಳ ಹುಪ್ಪಟೆ ತಿನ್ನೋ ಜಾತಿ, ಅನ್ನ ಮಂಡಕ್ಕಿ ಅದಕ್ಕೆ ಅರಗಲ್ಲ, ಹೊಟ್ಟೆ ಊದುತ್ತೆ. ಹುಳ ಅಂದ್ಕೂಡ್ಲೆ ನಮ್ಮ ಶುದ್ಧ ಸಸ್ಯಾಹಾರಿ ಮನೇಲಿ ಒಂದು ಚರ್ಚೆ ಆಯ್ತು. ಒಣಗಿಸಿದ ಬ್ಲಡ್ ವರ್ಮ್ ಪ್ಯಾಕೆಟ್ ಅಡುಗೆಮನೆ ಹೊಸ್ತಿಲು ದಾಟೋಹಂಗಿಲ್ಲ, ಫ್ರಿಜ್ಜಿಗಂತೂ ಇಲ್ಲವೇ ಇಲ್ಲ ಅಂತ ತೀರ್ಮಾನ ಆಗಿ, ಅದಕ್ಕೆ ಹಾಲಿನ ಶೋಕೇಸ್ ಕೆಳಗೆ ಬೇರೆ ಡಬ್ಬಿ ಇಟ್ವಿ. ವಾರಕ್ಕೊಂದು ಸಲ, ನೀರಲ್ಲಿ ನೆನೆಸಿ, ಒಂದೆರಡು ಎಳೆ ಅಷ್ಟೇ. ನನಗೆ ಇದರಲ್ಲಿ ಅತ್ತೆ ಮೇಲೆ ಗೌರವ ಹೆಚ್ಚಾಯ್ತು, ತಾವು ಮುಟ್ಟದ ವಸ್ತು ಮನೆಗೆ ಬರಕ್ಕೆ ಒಪ್ಕೊಂಡ್ರಲ್ಲ.

ತಿನ್ನಕ್ಕೆ ಶುರು ಮಾಡಿದ್ರೂ ಪಟ್ಟೆ ಮಾತ್ರ ಸಂಜೆ ಆದ್ರೆ ವಾಪಸ್ ಬರ್ತಿತ್ತು. ಕೂತು ನೋಡಿದ ಮೇಲೆ ಗೊತ್ತಾಯ್ತು, ಹಾಲಿನ ಲೈಟ್ ಆರಿಸಿ ಟ್ಯಾಂಕ್ ಲೈಟ್ ಒಂದೇ ಉರಿಯುವಾಗ ಗಾಜಲ್ಲಿ ತನ್ನದೇ ಬಿಂಬ ಕಾಣುತ್ತೆ, ಇನ್ನೊಂದು ಗಂಡು ಬಂದಿದೆ ಅಂತ ಕಿವಿರು ಅಗಲಿಸಿ ಗಾಜಿಗೆ ಹಾಯ್ತಿತ್ತು. ಗಂಡು ಫೈಟರ್‌ಗೆ ತನ್ನ ಜಾಗದಲ್ಲಿ ಇನ್ನೊಂದು ಗಂಡು ಇರೋಹಂಗೇ ಇಲ್ಲ, ಒಂದು ಟ್ಯಾಂಕಿಗೆ ಒಂದೇ. ಹಿಂದೆ, ಎಡಕ್ಕೆ, ಬಲಕ್ಕೆ ಹೊರಗಿಂದ ಕಪ್ಪು ಡ್ರಾಯಿಂಗ್ ಶೀಟ್ ಅಂಟಿಸಿ ಟ್ಯಾಂಕ್ ಲೈಟನ್ನ ಹಾಲಿನ ಲೈಟಿಗಿಂತ ಮುಂಚೆನೇ ಆರಿಸೋಕೆ ಶುರು ಮಾಡಿದ್ವಿ. ಏರ್ ಪಂಪಿನ ಪೈಪಿಗೆ ಚಿಕ್ಕ ವಾಲ್ವ್ ಹಾಕಿ ಗುಳ್ಳೆನೂ ಕಮ್ಮಿ ಮಾಡ್ದೆ, ಅಷ್ಟುದ್ದ ರೆಕ್ಕೆ ಹೊತ್ಕೊಂಡು ಜೋರು ನೀರಲ್ಲಿ ಈಜೋದು ಅದಕ್ಕೆ ಸುಸ್ತು. ಗಿಡ ಎಲ್ಲಾ ನಿಜವಾದ್ದೇ, ಅನುಬಿಯಾಸ್, ಜಾವಾ ಫರ್ನ್, ಮೇಲಿಂದ ಮನಿ ಪ್ಲಾಂಟಿನ ಬೇರು ಮಾತ್ರ ನೀರೊಳಗೆ. ಮಗಳ ಸ್ಕೂಲ್ ಹಿಂದೆ ಕಾಡು ಬಾದಾಮಿ ಮರ ಇದೆ, ಉದುರಿ ಪೂರ್ತಿ ಒಣಗಿ ಕಂದಾಗಿರೋ ಎಲೆ ಆರಿಸಿ ತಂದು, ತೊಳೆದು, ಒಂದು ಎಲೆ ನೀರಿಗೆ ಬಿಟ್ವಿ. ಅದರಲ್ಲಿರೋ ಟ್ಯಾನಿನ್ ಅನ್ನೋ ಒಗರು ಅಂಶ ಇಳಿದು ನೀರು ತೆಳು ಟೀ ಬಣ್ಣ ಆಗುತ್ತೆ, ಫೈಟರ್ ಸಾಕೋರು ಇದನ್ನ ತುಂಬಾ ಹಿಂದಿಂದ ಬಳಸ್ತಾರೆ. ರಸ್ತೆ ಬದಿದು, ಔಷಧಿ ಹೊಡೆದಿರೋ ತೋಟದ್ದು ತರ್ಬೇಡಿ. ಈ ಎಲೆ ಕೆಳಗೇ ಅದು ಮಲಗೋ ಜಾಗ ಮಾಡ್ಕೊಂಡಿದ್ದು. ಪಟ್ಟೆ ಆಮೇಲೆ ಬರ್ಲಿಲ್ಲ, ನೀಲಿ ಬಣ್ಣ ಅಂಗಡೀಲಿದ್ದಕ್ಕಿಂತ ಗಾಢ ಆಯ್ತು.

ಅಷ್ಟೊತ್ತಿಗೆ ದುಗ್ಗಮ್ಮನ ಜಾತ್ರೆ ಬಂತು. ಜಾತ್ರೆ ಅಂದ್ರೆ ಗೊತ್ತಲ್ಲ, ದಾವಣಗೆರೇಲಿ ಯಾರ ಮನೇಲೂ ಕಾಲಿಡಕ್ಕೆ ಜಾಗ ಇರಲ್ಲ, ನಮ್ಮನೇಲೂ ಹರಿಹರ, ಜಗಳೂರು ಕಡೆ ನೆಂಟರೆಲ್ಲ ತುಂಬ್ಕೊಂಡ್ರು. ಮಕ್ಕಳೆಲ್ಲ ಗಾಜು ಬಡಿಯೋದು, ಒಬ್ಬ ಹುಡುಗ ಕನ್ನಡಿ ತಂದು ಮುಂದೆ ಹಿಡಿದು ಫೈಟ್ ಮಾಡ್ಸೋಣ ಅನ್ನೋದು. ಮಗಳು ಟ್ಯಾಂಕ್ ಮುಂದೆ ಕಾವಲಿಗೆ ನಿಂತ್ಲು. "ಅಣ್ಣಾ, ಅದಕ್ಕೆ ಅದು ಆಟ ಅಲ್ಲ, ನಿಜವಾಗ್ಲೂ ಜಗಳ ಅಂದ್ಕೊಳ್ಳುತ್ತೆ" ಅಂತ ಅವನಿಗೆ ಬಿಡಿಸಿ ಹೇಳಿದ್ದು ಕೇಳಿ ನನಗೆ ಕಣ್ಣು ತುಂಬಿ ಬಂತು. ಮುಂದಿನ ಗಾಜಿಗೂ ಒಂದು ಟವೆಲ್ ಇಳಿಬಿಟ್ಟು, ಊಟದ ಹೊತ್ತಲ್ಲಿ ಮಾತ್ರ ಎತ್ತಿ ತೋರಿಸಿದ್ವಿ. ನೆಂಟರು ಹೋದ ಮೇಲೆ ಬಾದಾಮಿ ಎಲೆ ಕೆಳಗೆ ಪುಟ್ಟ ಪುಟ್ಟ ಗುಳ್ಳೆ ಗುಂಪಾಗಿ ಅಂಟ್ಕೊಂಡಿದ್ವು. ಗಂಡು ಮೀನು ಮೊಟ್ಟೆ ಕಾಪಾಡಕ್ಕೆ ಕಟ್ಟೋ ಗೂಡು ಅದು, ಹೆಣ್ಣಿಲ್ದಿದ್ರೂ ಕಟ್ಟುತ್ತೆ. ಮೀನು ಖುಷಿಯಾಗಿದೆ ಅಂತ ಎಲ್ಲರೂ ಹೇಳ್ತಾರೆ, ನನ್ನ ಪ್ರಕಾರ ಅಷ್ಟು ಹೇಳೋಹಂಗಿಲ್ಲ, ವಯಸ್ಸಿಗೆ ಬಂದಿದೆ ಅಂತ ಹೇಳ್ಬೋದು. ತಿನ್ನೋದು, ರೆಕ್ಕೆ ಬಿಚ್ಕೊಂಡು ಓಡಾಡೋದು, ಬಣ್ಣ, ಇವೇ ನಂಬೋ ಲಕ್ಷಣ.

ಈಗ ವಾರಕ್ಕೊಂದು ಸಲ ಕಾಲು ಭಾಗ ನೀರು ಬದಲಿಸ್ತೀನಿ, ಪೂರ್ತಿ ಎಂದೂ ಇಲ್ಲ. ಡ್ರಮ್ಮಿನ ನೀರಿಗೆ ಸ್ವಲ್ಪ ಬಿಸಿನೀರು ಬೆರೆಸಿ ಟ್ಯಾಂಕಿನಷ್ಟೇ ಬಿಸಿ ಮಾಡ್ಕೊಂಡು, ಅಂಗೈ ಅಡ್ಡ ಹಿಡಿದು ನಿಧಾನಕ್ಕೆ ಬಿಡೋದು. ಸ್ಪಂಜನ್ನ ತೆಗೆದ ಟ್ಯಾಂಕ್ ನೀರಲ್ಲೇ ಹಿಂಡ್ಬೇಕು, ನಲ್ಲಿ ಕೆಳಗೆ ಹಿಡಿದ್ರೆ ಕ್ಲೋರಿನ್ನಿಗೆ ಬ್ಯಾಕ್ಟೀರಿಯಾ ಎಲ್ಲಾ ಹೋಗ್ತಾವೆ. ಬೇಸಿಗೆ ಶುರುವಾಗಿ ಹೀಟರ್ ತಾನೇ ಆಫ್ ಆಗಿರುತ್ತೆ, ಏಪ್ರಿಲಲ್ಲಿ ಹೊರಗೆ 38, 39 ಆದಾಗ ನೀರು 30 ದಾಟದೇ ಇರ್ಲಿ ಅಂತ ಟ್ಯಾಂಕನ್ನ ಪಶ್ಚಿಮದ ಗೋಡೆಯಿಂದ ಒಳಗಿನ ಗೋಡೆಗೆ ಬದಲಿಸಿದ್ದೀವಿ, ಮಧ್ಯಾಹ್ನ ಟ್ಯಾಂಕ್ ಲೈಟ್ ಹಾಕಲ್ಲ. ಊರಿಗೆ ಮೂರು ದಿನ ಹೋಗೋದಾದ್ರೆ ಪಕ್ಕದ ಮನೆಯವ್ರಿಗೆ ಕೀ ಕೊಡ್ತೀವಿ, ಫುಡ್ ಡಬ್ಬಿ ಮಾತ್ರ ಎತ್ತಿಟ್ಟು ಹೋಗ್ತೀವಿ. ಚೆನ್ನಾಗಿ ತಿಂದುಂಡ ದೊಡ್ಡ ಮೀನು ಮೂರು ದಿನ ಉಪವಾಸ ಇದ್ರೆ ಏನೂ ಆಗಲ್ಲ, ಪ್ರೀತಿಗೆ ಅಂತ ಅವರು ಒಂದು ಮುಷ್ಟಿ ಹಾಕ್ಬಿಟ್ರೆ ನೀರು ಒಂದೇ ದಿನಕ್ಕೆ ಕೆಡುತ್ತೆ. ಅವರಿಗೆ ನಾವು ಹೇಳಿಹೋಗೋದು ಎರಡೇ, ಕರೆಂಟ್ ಬಂದ್ಮೇಲೆ ಪಂಪ್ ಗುಳ್ಳೆ ಬಿಡ್ತಿದ್ಯಾ ನೋಡಿ, ಥರ್ಮಾಮೀಟರ್ ಫೋಟೋ ಒಂದು ಕಳ್ಸಿ.